ಮನಿ ಕಂಪ್ಯೂಟರಿಗೂ ಒಂದು ಸ್ಟೋ ಇರಲಿ

ಕಂಪ್ಯೂಟರ್ ಕೆಟ್ಟರ ರಿಪೇರಿಯವರ ಬಾಯಾಗ ಬರೋದು ಒಂದ ಮಾತು: "ಫಾರ್ಮ್ಯಾಟ್ ಮಾಡಬೇಕ್ರಿ." ಮನಿ ಗಂಡಸರು ಹೂಂ ಅಂತಾರ. ಹಿಟ್ಟಿಗೆ ಹುಳ ಬಿತ್ತಂತ ಇಡೀ ಅಡಗಿಮನಿ ಖಾಲಿ ಮಾಡಿ ಒಗದಂಗ ಅದು! ಮೊಮ್ಮಕ್ಕಳ ಫೋಟೋ, ಅವ್ವ ಹೇಳಿದ ಉಪ್ಪಿನಕಾಯಿ ಅಳತಿ, ಚೀಟಿ ಲೆಕ್ಕ ಎಲ್ಲಾ ಹೋತು. ಕಳಕೊಂಡಾಕಿನ್ನ ಯಾರೂ ಕೇಳಂಗಿಲ್ಲ.

ಗ್ಯಾಸ್ ಇದ್ರೂ ನಾವು ಒಂದು ಸ್ಟೋ ಇಟಗೋತೇವಿ ಹೌದಲ್ಲೋ? ಹಂಗ ವಿಂಡೋಸಿನ ಮಗ್ಗಲಕ್ಕ ಲಿನಕ್ಸ್ ಇರಬೇಕು ಅಂತೇನಿ ನಾನು. ಚಾಲೂ ಮಾಡಿದ ಕೂಡಲೇ ಯಾವುದು ಬೇಕಂತ ಒಂದು ಪಟ್ಟಿ ಬರ್ತದ. ವಿಂಡೋಸ್ ವೈರಸ್ ಬಡದು ಮಲಗಿದ್ರ ಲಿನಕ್ಸಿನಿಂದ ಒಳಗ ಹೋಗಿ ಫೋಟೋ, ಲೆಕ್ಕ ಸಿಡಿಗೆ ತಗೋಬಹುದು. ಹಾರ್ಡ್ ಡಿಸ್ಕೇ ಸುಟ್ಟಿದ್ರ ಮಾತ್ರ ಆಗಂಗಿಲ್ಲ, ಅದು ಖರೇ.

"ಪುಕ್ಕಟೆ ಸಿಗೋದು ಕಳಪೆ ಇರ್ತದ" ಅಂತಾರ. 1991ರೊಳಗ ಫಿನ್‌ಲ್ಯಾಂಡಿನ ಕಾಲೇಜು ಹುಡುಗ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದಕ್ಕ ಜಗತ್ತಿನ ಮಂದಿ ಕೈ ಹಚ್ಯಾರ. ಇವತ್ತು ದೊಡ್ಡ ದೊಡ್ಡ ಕಂಪನಿ ಯಂತ್ರ ಅದರ ಮ್ಯಾಲ ಓಡ್ತಾವ. ನಮ್ಮ ಚೀಟಿ ಲೆಕ್ಕಕ್ಕ ಸಾಲಂಗಿಲ್ಲೇನು?

"ಡಯಲ್-ಅಪ್ ಇದ್ದವರಿಗೆ ಅದು ಅಲ್ಲ" ಅಂತಿದ್ರು. ಇದರೊಳಗ ಅರ್ಧ ಖರೇ ಇತ್ತು. 700 ಎಂಬಿ ಸಿಡಿ ಇಳಿಸ್ಲಿಕ್ಕೆ 56ಕೆ ಮೋಡೆಮ್ ಪೂರ್ತಿ ವೇಗದಾಗ ಓಡಿದ್ರೂ 27 ತಾಸಿನ ಮ್ಯಾಲ ಬೇಕು. ಅಷ್ಟೊತ್ತೂ ಫೋನ್ ಎಂಗೇಜ್, ಬಿಲ್ಲು ಬ್ಯಾರೆ. ಆದ್ರ ಇಳಿಸು ಅಂದವರ್ಯಾರು? ಉಬುಂಟು, ಕುಬುಂಟು ಸಿಡಿ ಆವಾಗ ಪುಕ್ಕಟೆ ಟಪಾಲಿನಾಗ ಕಳಸ್ತಿದ್ರು, 2011ರೊಳಗ ಅದು ನಿಂತಿತು. ಒಬ್ಬರ ಹತ್ರ ಬಂದದ್ದನ್ನ ಹತ್ತು ಮನಿಯವರು ಹಾಕೋಬಹುದು, ಕಳುವಲ್ಲ.

ಆವಾಗಿನ ಖರೇ ತೊಡಕು ಮೋಡೆಮ್. ಅಂಗಡಿಯವರು ಅಗ್ಗದ್ದಂತ ಒಳಗ ಕೂಡಿಸಿ ಕೊಡ್ತಿದ್ದ ಕಾರ್ಡು ಭಾಳಷ್ಟು ತಮ್ಮ ಅರ್ಧ ಕೆಲಸ ವಿಂಡೋಸಿಗೇ ಬಿಟ್ಟಿರ್ತಿದ್ವು. ಲಿನಕ್ಸಿನೊಳಗ ಅವು ಭಾಳಷ್ಟು ಬಾಯೇ ಬಿಡ್ತಿರಲಿಲ್ಲ. ಇದನ್ನ ಮಾರೂ ಮುಂದ ಹೇಳ್ತಿರಲಿಲ್ಲ, ಆಮ್ಯಾಲ "ಲಿನಕ್ಸೇ ಸರಿ ಇಲ್ಲ" ಅಂತಿದ್ರು! ಹಿಂದಿನ ಸೀರಿಯಲ್ ಪೋರ್ಟಿಗೆ ಹಚ್ಚೋ ಹೊರಗಿನ ಮೋಡೆಮ್ ಕೇಳಿ ತಗೋಬೇಕಿತ್ತು. ಆವಾಗಿನ ಕುಬುಂಟುವಿನ ಕೆಪಿಪಿಪಿಯೊಳಗ ಫೋನ್ ನಂಬರ್, ಹೆಸರು, ಪಾಸ್‌ವರ್ಡ್ ತುಂಬಿದ್ರ ಸಾಕಿತ್ತು, ಕೀಂ ಕೀಂ ಅಂತ ಲೈನ್ ಹತ್ತತಿತ್ತು.

"ಇದ್ದದ್ದೂ ಹಾಳಾದೀತು" ಅನ್ನೋ ಅಂಜಿಕಿ ಸುಳ್ಳಲ್ಲ. ಡಿಸ್ಕಿನೊಳಗ ಜಾಗಾ ಪಾಲು ಮಾಡೂ ಮುಂದ ಕೈ ತಪ್ಪಬಹುದು. ಅದಕ್ಕ ಮೊದಲ ಬೇಕಾದದ್ದೆಲ್ಲಾ ಸಿಡಿಗೆ ತಕ್ಕೋರಿ. ಹಾಕೂಕಿಂತ ಮೊದಲ ಸಿಡಿಯಿಂದನ ಓಡಿಸಿ ನೋಡ್ಲಿಕ್ಕೆ ಬರ್ತದ. ಮೋಡೆಮ್ ಮಾತಾಡ್ತದೋ ಇಲ್ಲೋ ಅಲ್ಲೇ ತಿಳೀತದ.

"ಹೆಣ್ಮಕ್ಕಳಿಗೆ ಇದೆಲ್ಲಾ ಯಾಕ?" ಅನ್ನೋರಿಗೆ ನನ್ನ ಉತ್ತರ ಇಷ್ಟ: ಅದರೊಳಗ ಇಟ್ಟದ್ದು ನಮ್ಮದು, ಅದಕ್ಕ. ವೈನಿ, ಮೌಶಿ, ಈ ರಜಾಕ್ಕ ಹುಡುಗರು ಬಂದಾಗ ಹಾಕಿಸಿಕೋರಿ. ಅವರು ಹಾಕೂ ಮುಂದ ಮಗ್ಗಲಕ್ಕ ಕುರ್ಚಿ ಎಳಕೊಂಡು ಕೂಡ್ರಿ, ಒಂದೊಂದು ಹೆಜ್ಜಿನೂ ವಹಿಯೊಳಗ ಬರಕೋರಿ. ಚಹಾ ಆಮ್ಯಾಲ ಮಾಡಿದ್ರಾತು.