ಹೊರಬಂದದ್ದಾಯಿತು, ಇನ್ನಾದರೂ ಪಟ್ಟಿ ತೋರಿಸಿ

ಏಳು ವರ್ಷ ಮಾತುಕತೆ ನಡೆಸಿ, 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಆರ್‌ಸಿಇಪಿ ಎಂಬ ವ್ಯಾಪಾರ ಕೂಟದಿಂದ ಹೊರಬಂತು. ಉಳಿದ 15 ದೇಶಗಳು ಮರುವರ್ಷ ಸಹಿ ಹಾಕಿದವು. ಅವತ್ತಿನಿಂದ ಒಂದು ಜಗಳ ನಡೆಯುತ್ತಲೇ ಇದೆ. ಚೀನಾ, ಜಪಾನ್, ಆಸ್ಟ್ರೇಲಿಯಾ ಕೂತಿರುವ ದೊಡ್ಡ ಸಂತೆಯಿಂದ ಎದ್ದುಬಂದು ಕೆಟ್ಟೆವು ಎನ್ನುವವರು ಒಂದು ಕಡೆ. ಹಾಲು ಉಳಿಯಿತು, ರೈತ ಗೆದ್ದ ಎನ್ನುವವರು ಇನ್ನೊಂದು ಕಡೆ. 2024ರ ನವೆಂಬರಿನಲ್ಲಿ ನೀತಿ ಆಯೋಗದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯೇ ಭಾರತ ಈ ಕೂಟದಲ್ಲಿ ಇರಬೇಕು ಎಂದಾಗ ಜಗಳಕ್ಕೆ ಮತ್ತೆ ಜೀವ ಬಂತು. ನಾನು ಹೊರಬಂದದ್ದು ಸರಿ ಎನ್ನುವವನು. ಆದರೆ ಎರಡೂ ಕಡೆಯವರು ನಮ್ಮಂಥ ಊರುಗಳ ಹೆಸರಲ್ಲಿ ಮಾತಾಡುತ್ತ, ನಮ್ಮೂರುಗಳನ್ನು ಒಂದು ಮಾತೂ ಕೇಳಿಲ್ಲ ಎಂಬುದು ನನ್ನ ತಕರಾರು.

ನಮ್ಮೂರು ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿ. ಕಬ್ಬು, ಭತ್ತ, ಜೊತೆಗೆ ಒಂದೆರಡು ಹಸು. ಕಬ್ಬಿನ ದುಡ್ಡು ಬರುವಾಗ ಬರುತ್ತದೆ. ಅಲ್ಲಿಯವರೆಗೆ ಅಂಗಡಿಯ ಸಾಲ, ಮಕ್ಕಳ ಶುಲ್ಕ ತೀರುವುದು ಡೇರಿಯ ಬಟವಾಡೆಯಿಂದ. ನ್ಯೂಜಿಲೆಂಡಿನ ಹಾಲು ಬರುತ್ತದೆ ಎಂದಾಗ ಪೇಟೆಯವರು ಪ್ಯಾಕೆಟ್ ಹಾಲು ಕಲ್ಪಿಸಿಕೊಂಡರು. ಬರಲಿದ್ದದ್ದು ಪುಡಿ. ಮಳೆಗಾಲ ಮುಗಿದು ಮೇವು ಹಸಿರಾದಾಗ ಹಾಲು ಉಕ್ಕುತ್ತದೆ. ಮಾರಿ ಮಿಕ್ಕಿದ್ದನ್ನು ಒಕ್ಕೂಟಗಳು ಪುಡಿ ಮಾಡಿ ಇಡುತ್ತವೆ. ಆ ಪುಡಿಗೆ ಬೆಲೆ ಬಿದ್ದರೆ ನಷ್ಟ ಇಳಿಯುತ್ತ ಇಳಿಯುತ್ತ ಕೊನೆಗೆ ಕ್ಯಾನು ಹಿಡಿದು ನಿಂತವರ ಲೀಟರಿಗೆ ಬಂದು ನಿಲ್ಲುತ್ತದೆ. ತಾನು ಕರೆದ ಹಾಲಿನ ಬಹುಪಾಲನ್ನು ರಫ್ತು ಮಾಡಿಯೇ ಬದುಕುವ ದೇಶದ ಪುಡಿ ಸುಂಕವಿಲ್ಲದೆ ಬಂದಿದ್ದರೆ ಏನಾಗುತ್ತಿತ್ತು ಎನ್ನಲು ಅರ್ಥಶಾಸ್ತ್ರದ ಪದವಿ ಬೇಡ. ಕರ್ನಾಟಕ ಹಾಲು ಮಹಾಮಂಡಳವೂ ರೈತ ಸಂಘವೂ ವಿರೋಧಿಸಿದ್ದು ಸುಮ್ಮನೆ ಅಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಹೊರಗಿನ ಹನಿ ಹಾಲು ಬರದಿದ್ದ 2018ರಲ್ಲೂ ಪುಡಿಯ ಬೆಲೆ ಕುಸಿದು ಒಕ್ಕೂಟಗಳ ಗೋದಾಮುಗಳಲ್ಲಿ ದಾಸ್ತಾನು ಬಿದ್ದಿತ್ತು. ಬಾಗಿಲು ಹಾಕಿದ ಮಾತ್ರಕ್ಕೆ ಮನೆಯೊಳಗೆ ಅನ್ನ ಬೇಯುವುದಿಲ್ಲ.

ಬಾಗಿಲಾದರೂ ಹಾಕಿದೆಯೇ ನೋಡಿ. ಆ 15 ದೇಶಗಳಲ್ಲಿ ಆಸಿಯಾನ್‌ನ ಹತ್ತು ದೇಶಗಳು, ಜಪಾನ್, ದಕ್ಷಿಣ ಕೊರಿಯಾ ಈ 12ರ ಜೊತೆ ಭಾರತಕ್ಕೆ ಆಗಲೇ ಒಪ್ಪಂದವಿತ್ತು. ಆಸಿಯಾನ್ ಒಪ್ಪಂದ 2010ರ ಜನವರಿ 1ರಿಂದಲೇ ಜಾರಿಯಲ್ಲಿದೆ. ಕಾವೇರಿಯ ಮೇಲ್ಭಾಗದ ಕೊಡಗಿನಲ್ಲಿ ಕೇಳಿದರೆ, ವಿಯೆಟ್ನಾಮಿನ ಮೆಣಸು ಶ್ರೀಲಂಕಾ ಒಪ್ಪಂದದ ಹೆಸರಲ್ಲಿ ಒಳಬರುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ಕೂಗಿದ್ದನ್ನು ಹೇಳುತ್ತಾರೆ. ಕೊನೆಗೆ 2017ರ ಡಿಸೆಂಬರಿನಲ್ಲಿ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಇನ್ನು ಯಾವ ಕೂಟವೂ ಬೇಕಿಲ್ಲದ ದಾರಿಯೊಂದಿದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದರು. ಮಂಡ್ಯ, ರಾಮನಗರ ಸೀಮೆಯಲ್ಲಿ ಗೂಡಿನ ಬೆಲೆ ನೆಲಕಚ್ಚಿತು. ಸುಂಕವನ್ನು ಮತ್ತೆ 15ಕ್ಕೆ ಏರಿಸಿದ್ದು 2013ರ ಬಜೆಟ್ಟಿನಲ್ಲಿ. ಅಷ್ಟರಲ್ಲಿ ಹಿಪ್ಪುನೇರಳೆ ಕಿತ್ತವರು ಕಿತ್ತಾಗಿತ್ತು. 2025ರ ಆಗಸ್ಟಿನಲ್ಲಿ ಹತ್ತಿಯ ಶೇ. 11ರ ಆಮದು ಸುಂಕವನ್ನು ಒಂದು ಆದೇಶದಲ್ಲಿ ತೆಗೆದು, ಆಮೇಲೆ ವಿನಾಯಿತಿಯನ್ನು ಡಿಸೆಂಬರ್ ಕೊನೆಯವರೆಗೆ, ಅಂದರೆ ನಮ್ಮ ರಾಯಚೂರಿನ ಹತ್ತಿ ಮಾರುಕಟ್ಟೆಗೆ ಬರುವ ಕಾಲಕ್ಕೇ ವಿಸ್ತರಿಸಿದರು. ಹೆಬ್ಬಾಗಿಲಿಗೆ ಬೀಗ ಹಾಕಿ ಫೋಟೋ ತೆಗೆಸಿಕೊಂಡವರು ಹಿತ್ತಿಲ ಬಾಗಿಲಿನ ಕೀಲಿಯನ್ನು ಜೇಬಲ್ಲೇ ಇಟ್ಟುಕೊಂಡಿದ್ದಾರೆ.

ಕೂಟ ಸೇರಬೇಕಿತ್ತು ಎನ್ನುವ ಅರ್ಥಶಾಸ್ತ್ರಜ್ಞರಿಗೂ ಒಂದು ಮಾತು. ದೇಶಕ್ಕೆ ಒಟ್ಟು ಲಾಭ ಎನ್ನುತ್ತೀರಿ. ಸೋತವರಿಗೆ ಗೆದ್ದವರ ಲಾಭದಿಂದ ಪರಿಹಾರ ಕೊಡಬಹುದು ಎಂದು ನಿಮ್ಮ ಪಠ್ಯಪುಸ್ತಕವೇ ಹೇಳುತ್ತದೆ. ಕೊಡಬಹುದು ಎಂಬುದು ಕೊಟ್ಟಾಯಿತು ಎಂದಾಗುವುದು ಯಾವ ಪುಟದಲ್ಲಿ? ಮೊಬೈಲ್ ಬಿಡಿಭಾಗ ಅಗ್ಗವಾದ ಲಾಭ ಒಬ್ಬರಿಗೆ, ಹಸು ಮಾರಿಕೊಂಡ ನಷ್ಟ ಇನ್ನೊಬ್ಬರಿಗೆ ಆದಾಗ ಇಬ್ಬರ ಸರಾಸರಿಯನ್ನು ಯಾವ ಮನೆಯಲ್ಲೂ ಉಣ್ಣಲಾಗದು.

ನಮ್ಮೂರಿನವರು ಜಗತ್ತಿಗೆ ಹೆದರುವವರು ಎಂದುಕೊಳ್ಳಬೇಡಿ. 1847ರಲ್ಲೇ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ರೈತರು ಕಾಯಿಸಿದ ಬೆಲ್ಲವನ್ನು ಅದು ಸಕ್ಕರೆ ಮಾಡುತ್ತಿತ್ತು. ಅದರ ಹಿಂದಿನ ವರ್ಷ ಬ್ರಿಟಿಷ್ ಸಂಸತ್ತು ವಸಾಹತುಗಳ ಸಕ್ಕರೆಗಿದ್ದ ಸುಂಕದ ರಿಯಾಯಿತಿಯನ್ನು ಹಂತಹಂತವಾಗಿ ತೆಗೆಯುವ ಕಾಯ್ದೆ ಮಾಡಿತ್ತು. ಬೆಲ್ಲ ಕಾಯಿಸುವವರಿಗೆ ಆ ಸಂಸತ್ತಿನಲ್ಲಿ ದನಿ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಆದರೂ ಆ ಮಸೂದೆ ಒಂದು ಸದನದಲ್ಲಿ ಚರ್ಚೆಯಾಗಿತ್ತು. ಇವತ್ತು ಸಂಸತ್ತು ನಮ್ಮದೇ, ಮತವೂ ನಮ್ಮದೇ. ಆದರೆ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ನಿಯಮವೇ ನಮ್ಮಲ್ಲಿಲ್ಲ.

ಸಂವಿಧಾನದ ಏಳನೇ ಅನುಸೂಚಿ ತೆರೆದು ನೋಡಿ. ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಗಳ ಜೊತೆಗಿನ ಒಪ್ಪಂದ. ರಾಜ್ಯ ಪಟ್ಟಿಯ 14ನೇ ನಮೂದು ಕೃಷಿ. ಒಂದೇ ಸಂಖ್ಯೆ, ಎರಡು ಪಟ್ಟಿ. 253ನೇ ವಿಧಿಯ ಬಲದಿಂದ ಮೊದಲನೆಯದು ಎರಡನೆಯದನ್ನು ದಾಟಿ ಹೋಗಬಲ್ಲದು. ಏಳು ವರ್ಷದ ಆರ್‌ಸಿಇಪಿ ಮಾತುಕತೆಯ ಕರಡು ಗುಟ್ಟಾಗಿಯೇ ಇತ್ತು. ಯಾವ ಸರಕಿಗೆ ಎಷ್ಟು ವರ್ಷದಲ್ಲಿ ಎಷ್ಟು ಸುಂಕ ಇಳಿಯುತ್ತದೆ ಎಂಬ ಪಟ್ಟಿಯನ್ನು ಹಸು ಕಟ್ಟಿದವರಿಗೆ ಯಾರೂ ತೋರಿಸಲಿಲ್ಲ. ಹೋಗುವಾಗಲೂ ಕೇಳಲಿಲ್ಲ, ಬರುವಾಗಲೂ ಕೇಳಲಿಲ್ಲ. ಕೇಳದೆ ಕೊಟ್ಟ ವರವನ್ನು ಕೇಳದೆಯೇ ಕಿತ್ತುಕೊಳ್ಳಬಹುದು.

ಗುಟ್ಟಿಲ್ಲದೆ ಚೌಕಾಸಿ ಸಾಧ್ಯವಿಲ್ಲ ಎನ್ನುತ್ತಾರೆ. ಯುರೋಪಿನ ಒಕ್ಕೂಟ ಮಾತುಕತೆ ನಡೆಯುವಾಗಲೇ ತನ್ನ ಪ್ರಸ್ತಾವಗಳನ್ನು ಪ್ರಕಟಿಸುತ್ತದೆ, ಅದರ ಸಂಸತ್ತು ಒಪ್ಪದೆ ಒಪ್ಪಂದ ನಡೆಯದು. ಅವರೇನೂ ವ್ಯಾಪಾರದಲ್ಲಿ ಸೋತು ಸುಣ್ಣವಾಗಿಲ್ಲ. ನಮ್ಮಲ್ಲೂ 2022ರ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಹಾಲಿನ ಉತ್ಪನ್ನಗಳನ್ನು ಹೊರಗಿಟ್ಟರು. ಬೀದಿಯ ಗದ್ದಲ ಪಟ್ಟಿಯವರೆಗೆ ಮುಟ್ಟಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಪಾಂಡವಪುರ ಸೀಮೆಗೆ ಇದು ಹೊಸ ಪಾಠವಲ್ಲ. ತೊಂಬತ್ತರ ದಶಕದಲ್ಲಿ ನಂಜುಂಡಸ್ವಾಮಿಯವರ ರೈತ ಸಂಘ ಡಂಕೆಲ್ ಕರಡನ್ನು ಹಳ್ಳಿಯ ಜಗುಲಿಯ ಮಾತಾಗಿಸಿತು. ಆ ಸಂಘದ ಪುಟ್ಟಣ್ಣಯ್ಯ ಇದೇ ಸೀಮೆಯ ಕ್ಯಾತನಹಳ್ಳಿಯವರು. ಜಿನೀವಾದ ಕಾಗದವನ್ನು ಕನ್ನಡದಲ್ಲಿ ಜಗಳವಾಡಬಹುದು ಎಂದು ತೋರಿಸಿದ ನಾಡು ಇದು.

ಆದ್ದರಿಂದ ಒಳಗೋ ಹೊರಗೋ ಎಂಬ ಜಗಳವನ್ನು ಸ್ವಲ್ಪ ಪಕ್ಕಕ್ಕಿಡೋಣ. ಮುಂದಿನ ಯಾವುದೇ ಒಪ್ಪಂದಕ್ಕೆ, ಸುಂಕದ ಯಾವುದೇ ಬದಲಾವಣೆಗೆ ಮೊದಲು ಕೃಷಿ ಸರಕುಗಳ ಪಟ್ಟಿ ಕನ್ನಡದಲ್ಲಿ ಪ್ರಕಟವಾಗಲಿ. ಅದು ಬೆಂಗಳೂರಿನ ವಿಧಾನಸಭೆಯಲ್ಲಿ ಚರ್ಚೆಯಾಗಲಿ. ಪ್ರತಿ ಹಾಲಿನ ಡೇರಿಯ ಗೋಡೆಗೆ, ಕೊಬ್ಬಿನಂಶದ ದರಪಟ್ಟಿಯ ಪಕ್ಕದಲ್ಲೇ, ಅದನ್ನೂ ಅಂಟಿಸಲಿ. ಓದುವವರು ಅಲ್ಲಿ ದಿನಕ್ಕೆ ಎರಡು ಹೊತ್ತು ಬರುತ್ತಾರೆ.