ಹಿಟ್ಟಿನ ಕೋಳಿ, ಉಕ್ಕಿನ ಕೋಳಿ

ಜನ್ನ ಕವಿಯು ಕ್ರಿ.ಶ. 1209ರಲ್ಲಿ ರಚಿಸಿದ ಯಶೋಧರಚರಿತೆಯ ಕಥೆಯನ್ನು ಬಲ್ಲ ಶ್ರಾವಕರಿಗೆ ಹಿಟ್ಟಿನ ಕೋಳಿಯ ಪ್ರಸಂಗ ಹೊಸದಲ್ಲ. ಪ್ರಾಣಿಬಲಿಗೆ ಒಪ್ಪದ ಅರಸನು ತಾಯಿಯ ಮಾತನ್ನು ಮೀರಲಾರದೆ, ಜೀವವಿಲ್ಲದ ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಗೊಟ್ಟನು. ರಕ್ತ ಹರಿಯಲಿಲ್ಲ, ಯಾವ ಪ್ರಾಣಿಯೂ ಸಾಯಲಿಲ್ಲ. ಆದರೂ ತಾಯಿ ಮಗ ಇಬ್ಬರೂ ಅನೇಕ ತಿರ್ಯಕ್ ಜನ್ಮಗಳಲ್ಲಿ ತೊಳಲಿದರು. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಫಲವೇ ಎಂದು ಕೇಳುವವರುಂಟು. ಕಥೆಯ ಉತ್ತರ ಸ್ಪಷ್ಟವಾಗಿದೆ: ಕತ್ತಿಯ ಬಾಯಿಗೆ ಸಿಕ್ಕಿದ್ದು ಹಿಟ್ಟೇ ಆದರೂ, ಕತ್ತಿಯನ್ನೆತ್ತಿದ ಮನಸ್ಸು ಕೋಳಿಯನ್ನೇ ಕಂಡಿತ್ತು.

ಈ ಪ್ರಸಂಗವನ್ನು ಇಂದು ನೆನೆಯಲು ಕಾರಣವಿದೆ. ಅಮೆರಿಕ ದೇಶದಲ್ಲಿ ಉಕ್ಕಿನ ಕೋಳಿಯೊಂದಿದೆ. ಮೆಕ್ಸಿಕೋದಿಂದ ಅಲ್ಲಿಗೆ ಬಂದ ಒಂದು ಬಗೆಯ ಗುಂಡು ಹಾರಿಸುವ ಸ್ಪರ್ಧೆಯಲ್ಲಿ ಕೋಳಿ, ಹಂದಿ, ಟರ್ಕಿ ಕೋಳಿ ಮತ್ತು ಟಗರು ಎಂಬ ನಾಲ್ಕು ಆಕೃತಿಗಳನ್ನು ಉಕ್ಕಿನ ಹಲಗೆಯಲ್ಲಿ ಕತ್ತರಿಸಿ ನಿಲ್ಲಿಸುತ್ತಾರೆ. ದೊಡ್ಡ ರೈಫಲಿನ ಸ್ಪರ್ಧೆಯಲ್ಲಿ ಕೋಳಿ 200 ಮೀಟರ್ ದೂರದಲ್ಲಿಯೂ ಟಗರು 500 ಮೀಟರ್ ದೂರದಲ್ಲಿಯೂ ಇರುತ್ತದೆ. ಗುಂಡು ತಗುಲಿದರೆ ಸಾಲದು, ಆಕೃತಿ ಉರುಳಿ ಬೀಳಬೇಕು. ಈ ಕ್ರೀಡೆಯ ಮೂಲದಲ್ಲಿ ಮೆಕ್ಸಿಕೋದವರು ಗುರಿಯಾಗಿಟ್ಟದ್ದು ಜೀವಂತ ಪ್ರಾಣಿಗಳನ್ನು. ಉಕ್ಕು ಆ ಬಳಿಕ ಬಂದಿತು. ಜೀವದ ಬದಲಿಗೆ ಆಕೃತಿಯನ್ನಿಟ್ಟು ದೋಷ ಕಳೆಯಿತೆಂದು ತಿಳಿಯುವ ಚಂದ್ರಮತಿಯ ಯುಕ್ತಿ ಎಷ್ಟು ದೂರ ಹೋದರೂ ಒಂದೇ ರೀತಿಯದು.

ಇಂತಹ ಸ್ಪರ್ಧೆಗಳ ಹಿಂದೆ ಮನೆಯೊಳಗಿನ ಒಂದು ಮೇಜು ಇದೆ. ಆ ದೇಶದ ಅಸಂಖ್ಯ ಗೃಹಸ್ಥರು ಕಾರು ನಿಲ್ಲಿಸುವ ಕೊಠಡಿಯಲ್ಲಿ ಇಲ್ಲವೆ ನೆಲಮಾಳಿಗೆಯಲ್ಲಿ ಕುಳಿತು ತಮ್ಮ ಕೋವಿಗೆ ಬೇಕಾದ ತೋಟಾಗಳನ್ನು ತಾವೇ ತುಂಬುತ್ತಾರೆ. ಇದು ಅವರಿಗೆ ಜೀವನೋಪಾಯವಲ್ಲ, ಹವ್ಯಾಸ. ಹಾರಿಸಿ ಖಾಲಿಯಾದ ಹಿತ್ತಾಳೆಯ ಕೊಳವೆಗಳನ್ನು ಹೆಕ್ಕಿ ತಂದು, ಪುಡಿಮಾಡಿದ ಆಕ್ರೋಟದ ಚಿಪ್ಪಿನೊಡನೆ ಯಂತ್ರದಲ್ಲಿ ಉರುಳಿಸಿ ಹೊಳಪು ಕೊಡುತ್ತಾರೆ. ಮೇಜಿಗೆ ಬಿಗಿದ ಒತ್ತುಯಂತ್ರದ ಹಿಡಿಯನ್ನು ಇಳಿಸಿದಾಗ ಹಳೆಯ ಕೇಪು ಉದುರಿ, ಹಿಗ್ಗಿದ ಕೊಳವೆ ಅಚ್ಚಿನೊಳಗೆ ತನ್ನ ಅಳತೆಗೆ ಮರಳುತ್ತದೆ. ಹೊಸ ಕೇಪನ್ನು ಕೂರಿಸಿ, ಮದ್ದನ್ನು ತೂಗಿ ಸುರಿದು, ಬಾಯಿಗೆ ಗುಂಡನ್ನು ಒತ್ತಿದರೆ ತೋಟಾ ಸಿದ್ಧ. ಮದ್ದಿನ ತೂಕ ಗ್ರೈನುಗಳಲ್ಲಿ. ಒಂದು ಪೌಂಡಿಗೆ 7,000 ಗ್ರೈನು. ಅಕ್ಕಸಾಲಿಗನ ಒಂದು ಗುಲಗಂಜಿಗೆ ಎರಡು ಗ್ರೈನಿಗಿಂತ ತುಸು ಕಡಿಮೆ. ಆ ಗ್ರೈನಿನ ಹತ್ತನೆಯ ಒಂದು ಭಾಗದ ವ್ಯತ್ಯಾಸವನ್ನೂ ಈ ಹವ್ಯಾಸಿಗಳು ಲೆಕ್ಕಕ್ಕೆ ಹಿಡಿಯುತ್ತಾರೆ.

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಅಮೆರಿಕದ 1968ರ ಕೇಂದ್ರ ಶಾಸನವಾದರೋ ಮಾರಾಟಕ್ಕಾಗಿ ತಯಾರಿಸುವವನಿಗೆ ಮಾತ್ರ ಪರವಾನಗಿಯನ್ನು ವಿಧಿಸಿ, ಸ್ವಂತ ಬಳಕೆಗೆ ತುಂಬುವವನನ್ನು ಬಿಟ್ಟಿದೆ. ಕಾನೂನು ಬಿಟ್ಟದ್ದನ್ನೆಲ್ಲ ಧರ್ಮವೂ ಬಿಟ್ಟಿದೆಯೆಂದು ಶ್ರಾವಕನು ತಿಳಿಯಬಾರದು. ಉತ್ತರ ಅಮೆರಿಕದ ಜೈನ ಸಂಘಗಳು 1981ರಷ್ಟು ಹಿಂದೆಯೇ ತಮ್ಮ ಒಕ್ಕೂಟವನ್ನು ಕಟ್ಟಿಕೊಂಡವು. ಕರ್ನಾಟಕದಿಂದ ಹೋದ ಕುಟುಂಬಗಳೂ ಅಲ್ಲಿ ನೆಲೆಸಿವೆ. ಅವರ ಮಕ್ಕಳ ಸಹಪಾಠಿಗಳ, ಸಹೋದ್ಯೋಗಿಗಳ ಮನೆಗಳಲ್ಲಿ ಈ ಮೇಜು ಸಾಮಾನ್ಯ ವಸ್ತು. ಸಸ್ಯಾಹಾರದ ಪ್ರಶ್ನೆಗೆ ಆ ಮಕ್ಕಳ ಬಳಿ ಉತ್ತರವಿದೆ. ಈ ಪ್ರಶ್ನೆಗೂ ಉತ್ತರ ಇರಬೇಕು. ಆದಕಾರಣ ಹವ್ಯಾಸಿಗಳು ಮುಂದಿಡುವ ಸಮರ್ಥನೆಗಳನ್ನು ಒಂದೊಂದಾಗಿ ಪರಿಶೀಲಿಸುವುದು ಯುಕ್ತ.

ಮೊದಲನೆಯದು ಮಿತವ್ಯಯದ ಸಮರ್ಥನೆ. ತೋಟಾದ ನಾಲ್ಕು ಅಂಗಗಳಲ್ಲಿ ಹೆಚ್ಚು ಬೆಲೆಯದು ಸಾಮಾನ್ಯವಾಗಿ ಹಿತ್ತಾಳೆಯ ಕೊಳವೆ. ಅದನ್ನು ಹಲವು ಬಾರಿ ಬಳಸಬಹುದಾದ್ದರಿಂದ ಒಂದು ತೋಟಾಕ್ಕೆ ಬೀಳುವ ಖರ್ಚು ಇಳಿಯುತ್ತದೆ ಎನ್ನುತ್ತಾರೆ. ಬಿಡಿ ಲೆಕ್ಕ ಸರಿಯಾಗಿದೆ. ಆದರೆ ಖಾತೆಯನ್ನು ವರ್ಷದ ಕೊನೆಗೆ ಮುಗಿಸಬೇಕಲ್ಲದೆ ಸಾಲಿನ ಮಧ್ಯದಲ್ಲಿ ಮುಗಿಸಲಾಗದು. ಉಳಿತಾಯವೇನೂ ಆಗಲಿಲ್ಲ, ಅದೇ ಹಣಕ್ಕೆ ಹೆಚ್ಚು ಗುಂಡು ಹಾರಿಸಿದೆವು ಎಂದು ಆ ಹವ್ಯಾಸಿಗಳೇ ನಗುತ್ತಾ ಒಪ್ಪಿಕೊಳ್ಳುತ್ತಾರೆ. ಖರ್ಚು ತಗ್ಗಿದಷ್ಟೂ ಬಳಕೆ ಹೆಚ್ಚಿದರೆ ಅದನ್ನು ಯಾವ ವರ್ತಕನೂ ಉಳಿತಾಯವೆಂದು ಬರೆದುಕೊಳ್ಳುವುದಿಲ್ಲ, ಯಾವ ವ್ರತಿಯೂ ಪರಿಮಾಣವೆಂದು ಕರೆಯುವುದಿಲ್ಲ. 2020ರ ಸಾಂಕ್ರಾಮಿಕದ ಕಾಲದಲ್ಲಿ ಕೇಪುಗಳಿಗೆ ಅಲ್ಲಿ ಅಭಾವ ಬಂದಾಗ ಬೆಲೆ ಗಗನಕ್ಕೇರಿತು, ದಾಸ್ತಾನು ಮಾಡುವವರ ಕಪಾಟುಗಳು ತುಂಬಿದವು. ಮಿತವ್ಯಯದ ಹೆಸರಿನಲ್ಲಿ ಆರಂಭವಾದದ್ದು ಪರಿಗ್ರಹದಲ್ಲಿ ಮುಗಿಯಿತು.

ಎರಡನೆಯ ಸಮರ್ಥನೆ ಇದಕ್ಕಿಂತ ಗೌರವಾರ್ಹವಾದುದು. ಈ ಮೇಜು ಏಕಾಗ್ರತೆಯನ್ನು ಕಲಿಸುತ್ತದೆ. ಅಜಾಗರೂಕನಿಗೆ ಅಲ್ಲಿ ಸ್ಥಳವಿಲ್ಲ ಎನ್ನುತ್ತಾರೆ. ಇದೂ ನಿಜ. ಒಂದೇ ಕೊಳವೆಗೆ ಎರಡು ಸಲ ಮದ್ದು ಬಿದ್ದರೆ ಕೋವಿಯೇ ಸಿಡಿಯಬಹುದು. ಮದ್ದು ಬೀಳದೆ ಹೋದರೆ ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡು, ಮುಂದಿನ ಈಡು ಹಾರಿಸಿದವನಿಗೇ ಅಪಾಯ ತರಬಹುದು. ಆದುದರಿಂದ ಅವರು ಬೇರೆ ಮಾತಿಲ್ಲದೆ, ಪ್ರತಿಯೊಂದು ಕೊಳವೆಯನ್ನೂ ದೀಪದ ಬೆಳಕಿಗೆ ಹಿಡಿದು ನೋಡಿ, ಕೆಲಸ ಸಾಗಿಸುತ್ತಾರೆ. ಈ ಶ್ರದ್ಧೆಯ ಕಾಲುಭಾಗ ಸಾಮಾಯಿಕದಲ್ಲಿ ಕುಳಿತವರಿಗೆ ಇದ್ದರೆ ಒಳಿತೇ ಆದೀತು. ಆದರೆ ಜಾಗರೂಕತೆ ಒಂದು, ಅಪ್ರಮಾದ ಇನ್ನೊಂದು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದೊಡನೆ ಜೋಡಿಸಿ ಹೇಳಿದೆ. ಆ ಪ್ರಮಾದವನ್ನು ಆಚಾರ್ಯರು ಹದಿನೈದು ಬಗೆಯಾಗಿ ಎಣಿಸಿದ್ದಾರೆ. ವಿಕಥೆ ನಾಲ್ಕು, ಕಷಾಯ ನಾಲ್ಕು, ಇಂದ್ರಿಯ ಐದು, ನಿದ್ರೆ ಒಂದು, ಪ್ರಣಯ ಒಂದು. ಕೈ ತಪ್ಪುವುದು ಈ ಪಟ್ಟಿಯಲ್ಲಿಲ್ಲ, ಮಾನಕಷಾಯವಿದೆ. ಹತ್ತನೆಯ ಒಂದು ಗ್ರೈನನ್ನು ತೂಗುವ ಕೈ ನಡುಗದಿರಬಹುದು. ಎಲ್ಲರ ಗುಂಡಿಗಿಂತ ತನ್ನ ಗುಂಡು ಒಂದೇ ರಂಧ್ರದಲ್ಲಿ ಹೋಗಬೇಕೆಂಬ ಹಂಬಲ ಆ ಕೈಯನ್ನು ನಡೆಸುತ್ತಿದ್ದರೆ ಅದು ಪ್ರಮಾದವೇ. ಮುನಿಯು ಪಿಂಛಿಯಿಂದ ನೆಲವನ್ನು ಸವರಿ ಕುಳಿತುಕೊಳ್ಳುವುದು ಅನ್ಯಜೀವದ ರಕ್ಷಣೆಗಾಗಿ. ಮೇಜಿನ ಮುಂದಿನ ಎಚ್ಚರವು ತನ್ನ ಬೆರಳುಗಳ ರಕ್ಷಣೆಗಾಗಿ, ಗುರಿಯ ನಿಖರತೆಗಾಗಿ.

ಮೂರನೆಯ ಸಮರ್ಥನೆ ಆತ್ಮರಕ್ಷಣೆಯದು. ಜೈನರಲ್ಲಿಯೂ ಶಸ್ತ್ರಧಾರಿಗಳಿರಲಿಲ್ಲವೆ ಎಂದು ಕೇಳುವವರಿದ್ದಾರೆ. ಖಂಡಿತವಾಗಿ ಇದ್ದರು. ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ಮಾಡಿಸಿದ ಚಾವುಂಡರಾಯನು ಗಂಗರ ದಂಡನಾಯಕ. ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಆಕ್ರಮಣವನ್ನು ಎದುರಿಸುವಾಗ ಗೃಹಸ್ಥನಿಂದ ನಡೆಯುವ ವಿರೋಧೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದ ವಿವೇಕ ಜೈನ ಪರಂಪರೆಯದೇ. ಆದರೆ ಆ ರಿಯಾಯಿತಿ ಇಲ್ಲಿಗೆ ಅನ್ವಯಿಸುವುದಿಲ್ಲ. ಸ್ವರಕ್ಷಣೆಗೆ ಕೈಯಾರೆ ತುಂಬಿದ ತೋಟಾವನ್ನು ಬಳಸಬೇಡಿ, ನ್ಯಾಯಾಲಯದಲ್ಲಿ ತೊಡಕಾದೀತು, ಕಾರ್ಖಾನೆಯದನ್ನೇ ಕೊಳ್ಳಿ ಎಂದು ಆ ದೇಶದ ಕೋವಿಶಿಕ್ಷಕರಲ್ಲಿ ಕೆಲವರೇ ಬೋಧಿಸುತ್ತಾರೆ. ಹಾಗಾದರೆ ಈ ಮೇಜಿನ ಮುಖ್ಯ ಬೆಳೆ ಹೋಗುವುದು ಎರಡು ಕಡೆಗೆ: ಗುರಿಯ ಆಟಕ್ಕೆ ಮತ್ತು ಬೇಟೆಗೆ. ಬೇಟೆಯನ್ನು ಆಚಾರ್ಯರು ಸಪ್ತವ್ಯಸನಗಳಲ್ಲಿ ಒಂದಾಗಿ ಎಣಿಸಿದರು. ಹವ್ಯಾಸವೆಂಬುದು ಆ ಪಟ್ಟಿಯ ಎದುರು ನಿಲ್ಲಬಲ್ಲ ವಾದವಲ್ಲ.

ನಾಲ್ಕನೆಯದೇ ಹಿಟ್ಟಿನ ಕೋಳಿಯ ಸಮರ್ಥನೆ: ತೂತಾಗುವುದು ಕಾಗದ, ಉರುಳುವುದು ಉಕ್ಕು, ನೋವು ಯಾರಿಗೆ? ಬರಿಯ ವೃತ್ತಗಳನ್ನು ಗುರಿಯಾಗಿಟ್ಟುಕೊಂಡ ಕ್ರೀಡಾಳುವಿನ ದೋಷ ಪ್ರಾಣಿಯ ಆಕೃತಿಗೆ ಗುರಿಯಿಟ್ಟವನ ದೋಷದಷ್ಟು ಅಲ್ಲವೆಂದು ಒಪ್ಪಬೇಕು. ಆದರೆ ಮೇಜಿನ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಈ ಉಪಕರಣಗಳ ತಯಾರಕರಲ್ಲಿ ಬಹು ಪ್ರಸಿದ್ಧವಾದ ಆರ್‌ಸಿಬಿಎಸ್ ಎಂಬ ಸಂಸ್ಥೆಯು 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಆರಂಭವಾಯಿತು. ಆ ನಾಲ್ಕಕ್ಷರದ ಮೊದಲೆರಡು ‘ರಾಕ್ ಚಕ್’ ಎಂಬ ಪ್ರಾಣಿಯ ಹೆಸರು. ಅದು ಬಂಡೆಗಳ ನಡುವೆ ಬಿಲ ತೋಡಿ ಬಾಳುವ, ಅಳಿಲಿನ ವಂಶದ ಪ್ರಾಣಿ. ಅದನ್ನು ಕೊಲ್ಲಲು ನಿಖರವಾದ ಗುಂಡುಗಳು ಬೇಕಾದವು. ಗುಂಡು ಮಾಡುವ ಅಚ್ಚುಗಳು ಬಂದವು. ಅಚ್ಚಿನ ಹೆಸರೇ ಸಂಸ್ಥೆಯ ಹೆಸರಾಯಿತು. ಇಂದಿಗೂ ಆ ದೇಶದ ಪಶ್ಚಿಮದ ಹುಲ್ಲುಗಾವಲುಗಳಲ್ಲಿ ಪ್ರೇರಿ ಡಾಗ್ ಎಂಬ ಬಿಲವಾಸಿ ಪ್ರಾಣಿಗಳನ್ನು ಬಹುದೂರದಿಂದ ಹೊಡೆದು, ತಿನ್ನುವುದಕ್ಕೂ ಅಲ್ಲದೆ, ಬಿದ್ದಲ್ಲಿಯೇ ಬಿಟ್ಟು ಹೋಗುವ ವಿನೋದವುಂಟು. ಮನೆಯಲ್ಲಿ ತುಂಬಿದ ತೋಟಾಗಳಿಗೆ ಅದು ಬಹುಮೆಚ್ಚಿನ ಸಂದರ್ಭ.

ಹಿಂಸೆಯು ಸಂಕಲ್ಪಿಸಿದವನು ನಿಲ್ಲಿಸಿದಲ್ಲಿ ನಿಲ್ಲುವುದೂ ಇಲ್ಲ. ಸೀಸದ ಗುಂಡು ದೇಹದೊಳಗೆ ಚೂರಾಗುತ್ತದೆ. ಶವವನ್ನು ತಿಂದ ಹದ್ದು ರಣಹದ್ದುಗಳಿಗೆ ಆ ಚೂರು ವಿಷವಾಗುತ್ತದೆ. ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಮಹಾಪಕ್ಷಿಯ ಸಂಖ್ಯೆ 1982ರಲ್ಲಿ ಕೇವಲ 22ಕ್ಕೆ ಇಳಿದಿತ್ತು. ಸಾಕಿ ಬೆಳೆಸಿ ಕಾಡಿಗೆ ಬಿಟ್ಟ ಮೇಲೂ ಅವು ಸೀಸದಿಂದ ಸಾಯುತ್ತಲೇ ಇದ್ದವು. ಆ ರಾಜ್ಯವು 2013ರಲ್ಲಿ ಶಾಸನ ಮಾಡಿ, 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸದ ಮದ್ದುಗುಂಡನ್ನು ಪೂರ್ಣವಾಗಿ ನಿಷೇಧಿಸಿತು. ಯಾವ ಬೇಟೆಗಾರನೂ ಕಾಂಡೋರನ್ನು ಕೊಲ್ಲಬೇಕೆಂದು ತೋಟಾ ತುಂಬಿರಲಿಲ್ಲ. ಗುಂಡಿಗೆ ತುಂಬಿದವನ ಅಭಿಪ್ರಾಯ ತಿಳಿಯದು.

ಈ ಎಲ್ಲಕ್ಕೂ ಮೂಲವಾದ ತತ್ತ್ವವನ್ನು ಈಗ ನೋಡಬಹುದು. ಲೌಕಿಕ ನ್ಯಾಯಾಲಯವು ಕೃತ್ಯದಿಂದ ಎಣಿಕೆಯನ್ನು ಆರಂಭಿಸುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಅದಕ್ಕಿಂತ ಎರಡು ಮೆಟ್ಟಿಲು ಹಿಂದಿನಿಂದ ಎಣಿಸುತ್ತದೆ: ಸಂರಂಭ, ಸಮಾರಂಭ, ಆರಂಭ. ಮಾಡಬೇಕೆಂಬ ಮನಸ್ಸು ಸಂರಂಭ, ಅದಕ್ಕೆ ಬೇಕಾದ ಸಾಧನಗಳನ್ನು ಒದಗಿಸಿಕೊಳ್ಳುವುದು ಸಮಾರಂಭ, ತೊಡಗುವುದು ಆರಂಭ. ಈ ಮೂರನ್ನು ಮನ, ವಚನ, ಕಾಯಗಳಿಂದ, ಕೃತ, ಕಾರಿತ, ಅನುಮತಗಳಿಂದ, ನಾಲ್ಕು ಕಷಾಯಗಳಿಂದ ಗುಣಿಸಿದಾಗ ನೂರೆಂಟು ಬಗೆಯಾಗುತ್ತದೆ. ತೋಟಾ ತುಂಬುವ ಮೇಜು ಎರಡನೆಯ ಮೆಟ್ಟಿಲು. ನಾನು ತುಂಬುತ್ತೇನಷ್ಟೆ, ಯಾರನ್ನೂ ಹೊಡೆಯುವುದಿಲ್ಲ ಎನ್ನುವವನು ತನ್ನನ್ನು ಲೆಕ್ಕದ ಹೊರಗಿಟ್ಟುಕೊಂಡೆನೆಂದು ಭಾವಿಸುತ್ತಾನೆ. ಶಾಸ್ತ್ರವು ಅವನಿಗಾಗಿಯೇ ಒಂದು ಅಂಕಣವನ್ನು ತೆರೆದಿಟ್ಟಿದೆ. ಅದೇ ಅಧ್ಯಾಯವು ಅಜೀವ ಅಧಿಕರಣದಲ್ಲಿ ನಿರ್ವರ್ತನೆ, ನಿಕ್ಷೇಪ, ಸಂಯೋಗ, ನಿಸರ್ಗ ಎಂಬ ನಾಲ್ಕನ್ನು ಹೇಳುತ್ತದೆ. ನಿರ್ಮಿಸುವುದು, ಇಡುವುದು, ಕೂಡಿಸುವುದು ಆಸ್ರವಕ್ಕೆ ಆಧಾರವಾಗಬಲ್ಲವು ಎಂಬುದೇ ಇದರ ತಾತ್ಪರ್ಯ.

ಇವುಗಳಲ್ಲಿ ನಿಕ್ಷೇಪದ ಕಡೆಗೆ ವಿಶೇಷ ಗಮನ ಬೇಕು. ತುಂಬಿದ ತೋಟಾ ವರ್ಷಗಟ್ಟಲೆ ಕೆಡದೆ ಕಪಾಟಿನಲ್ಲಿರುತ್ತದೆ. ತುಂಬಿದವನ ಮನಸ್ಸು ಬದಲಾದರೂ ಅದು ಬದಲಾಗದು. ಅವನು ತೀರಿಕೊಂಡರೂ ಅದು ಮನೆಯಲ್ಲಿಯೇ ಉಳಿಯುತ್ತದೆ. 2021ರಲ್ಲಿ ಅಮೆರಿಕದಲ್ಲಿ ಕೋವಿಯಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮನ್ನು ತಾವೇ ಕೊಂದುಕೊಂಡವರು. ಈ ಸಾವುಗಳನ್ನು ಹವ್ಯಾಸಿಗಳ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಮನೆಯಲ್ಲಿಟ್ಟ ಸಾಧನವು ಹೊರಗಿನ ಶತ್ರುವಿಗಿಂತ ಒಳಗಿನ ದುಃಖಿಯ ಕೈಗೆ ಬೇಗ ಸಿಗುತ್ತದೆಂಬುದನ್ನು ಈ ಸಂಖ್ಯೆ ಹೇಳುತ್ತದೆ. ಹದಿಹರೆಯದ ಮಗನಿರುವ ಮನೆಯಲ್ಲಿ ಸಾವಿರ ತೋಟಾಗಳನ್ನು ಸಾಲಾಗಿ ಜೋಡಿಸಿಡುವ ತಂದೆಯು ಅವುಗಳ ತೂಕವನ್ನೆಲ್ಲ ಬಲ್ಲನು, ಮಗನ ಮನಸ್ಸಿನ ತೂಕವನ್ನು ಬಲ್ಲನೆ?

ಇಷ್ಟನ್ನು ಹೇಳಿದ ಮೇಲೆ ಶ್ರಾವಕ ಸಮಾಜವು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕು. ಮಹಾವೀರಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯಲ್ಲಿ ಜೈನರ ಮನೆಗಳ ಮುಂದೆ ಪಟಾಕಿ ಸಿಡಿಯುತ್ತದೆ. ಹಳೆಯ ಕೋವಿಮದ್ದಿಗೆ ಬೇಕಾದ ಪೆಟ್ಲುಪ್ಪು, ಗಂಧಕ, ಇದ್ದಿಲುಗಳೇ ಅದಕ್ಕೂ ಬೇಕು. ಗೂಡಿನ ಹಕ್ಕಿಯೂ ಬೀದಿಯ ನಾಯಿಯೂ ಆ ರಾತ್ರಿ ಪಡುವ ಭಯಕ್ಕೆ ಪ್ರಯೋಜನವೆಂಬ ನೆಪವೂ ಇಲ್ಲ. ಅದು ಶುದ್ಧ ಅನರ್ಥದಂಡ. ಅಮೆರಿಕದ ನೆಲಮಾಳಿಗೆಯನ್ನು ಖಂಡಿಸಿ ತನ್ನ ಮಗುವಿನ ಕೈಗೆ ಪಟಾಕಿಯ ಸರವನ್ನು ಕೊಡುವವನು ಖಂಡನೆಯ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ.

ಕರ್ತವ್ಯ ಕಠಿಣವೇನೂ ಅಲ್ಲ. ಹೊರದೇಶದಲ್ಲಿರುವ ಶ್ರಾವಕನು ನೆರೆಯವನೊಡನೆ ಜಗಳವಾಡಬೇಕಾಗಿಲ್ಲ; ಅವನ ಶ್ರದ್ಧೆಯನ್ನು ಮೆಚ್ಚಿ, ಅವನ ಮೇಜಿನ ಬಳಿ ಕುಳಿತುಕೊಳ್ಳದಿದ್ದರೆ ಸಾಕು. ಅಂತಹ ಉಪಕರಣವನ್ನು ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಕೊಡುವುದು ಹಿಂಸಾದಾನವೆಂದು ತಿಳಿದಿರಬೇಕು. ಒಮ್ಮೆ ನೋಡಿ ಬರೋಣ ಎಂದು ಸಹೋದ್ಯೋಗಿ ಕರೆದಾಗ ‘ಬೇಡ’ ಎನ್ನಲು ಮಕ್ಕಳಿಗೆ ಕಲಿಸಬೇಕು. ಏಕೆ ಎಂದು ಕೇಳಿದರೆ ಹೇಳಲು ಒಂದು ಕಥೆಯನ್ನೂ ಕಲಿಸಬೇಕು. ಅನುಮತವೂ ನೂರೆಂಟರಲ್ಲಿ ಸೇರಿದೆ. ಯಶೋಧರನೂ ಕೋಳಿಯನ್ನು ಕೊಲ್ಲಬೇಕೆಂದು ಹೊರಟವನಲ್ಲ. ತಾಯಿಯ ಮನಸ್ಸು ನೋಯದಿರಲೆಂದು, ಹಿಟ್ಟು ತಾನೆ ಎಂದು, ಒಪ್ಪಿಕೊಂಡವನು.