ಶಾಲೆಯ ಅಂಗಳಕ್ಕೊಂದು ಅರ್ಫಜ್

ಕುವೈತಿನ ರಾಷ್ಟ್ರೀಯ ಪುಷ್ಪ ಯಾವುದೆಂದು ರಸಪ್ರಶ್ನೆಯಲ್ಲಿ ಕೇಳಿದರೆ ನಮ್ಮ ಮಕ್ಕಳು ಥಟ್ಟನೆ ‘ಅರ್ಫಜ್’ ಎನ್ನುತ್ತಾರೆ. ಗಿಡ ತೋರಿಸಿ ಎಂದರೆ ಮಾತ್ರ ಮೌನ. ಅವರಾದರೂ ಎಲ್ಲಿ ನೋಡಬೇಕು? ಫೆಬ್ರವರಿ 25, 26ರ ಉತ್ಸವಗಳಿಗೆಂದು ನಾವು ತಂದಿಡುವುದು ಪಿಟೂನಿಯಾ ಕುಂಡಗಳನ್ನು. ಬೇಸಿಗೆ ಬಂತೆಂದರೆ ಅವು ಕಸದ ಪಾಲು. ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುವ ನಾಡಿನಲ್ಲಿ ಇದು ದುಬಾರಿ ಶೋಕಿಯೇ ಸರಿ.

ಅರ್ಫಜ್ ನಮ್ಮ ಸೇವಂತಿಗೆಯ ಕುಟುಂಬದ್ದು. ಆದರೆ ಮರುಭೂಮಿಯ ಹಳದಿ ಹೂಗಳೆಲ್ಲ ಅರ್ಫಜ್ ಅಲ್ಲ. ಚಳಿಗಾಲದ ಮಳೆಗೆ ಹುಟ್ಟಿ ಬಿಸಿಲಿಗೆ ಸಾಯುವ ಎಳೆ ಗಿಡಗಳೇ ಅವುಗಳಲ್ಲಿ ಹೆಚ್ಚು. ಅರ್ಫಜ್ ಮೊಣಕಾಲೆತ್ತರದ ಪೊದೆ. ಬುಡ ಕಟ್ಟಿಗೆಯಂತೆ ಗಟ್ಟಿ, ಕವಲುಗಳು ಒಣಹುಲ್ಲಿನ ಬಣ್ಣ, ಎಲೆಗಳು ಸಣ್ಣವು, ಕಿರಿದಾದವು. ಬೇಸಿಗೆಯಲ್ಲಿ ಎಲೆ ಉದುರಿಸಿ ಸತ್ತಂತೆ ನಿಲ್ಲುತ್ತದೆ. ಮಳೆ ಬಿದ್ದರೆ ಮತ್ತೆ ಚಿಗುರು. ಈ ಗುಟ್ಟು ಗೊತ್ತಿಲ್ಲದವರು ಕಿತ್ತೇ ಬಿಟ್ಟಾರು!

ಒಂಟೆ, ಕುರಿಗಳ ಅತಿಯಾದ ಮೇವು, ಸೌದೆಗೆ ಕಡಿಯುವುದು, ಮರಳಿನ ಮೇಲೆ ಓಡುವ ವಾಹನಗಳು, 1990–91ರ ಯುದ್ಧ – ಎಲ್ಲ ಸೇರಿ ಈ ಗಿಡದ ನೆಲೆಯನ್ನು ಹಾಳುಮಾಡಿದವು. ಆದರೂ ಉತ್ತರ ಕುವೈತಿನ ತೀರ ಹದಗೆಟ್ಟ ಒಂದು ಜಾಗವನ್ನು 4 ವರ್ಷ ರಕ್ಷಿಸಿದಾಗ ಸಸ್ಯಗಳು ಬೇಗನೆ ಚೇತರಿಸಿಕೊಂಡದ್ದನ್ನು 2003ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ.

ಹಾಗೆಂದು ಮರುಭೂಮಿಯಿಂದ ಗಿಡ ಕಿತ್ತು ತರಬೇಡಿ. ಇಲ್ಲಿನ ಸ್ವಂತ ಸಸ್ಯಗಳನ್ನು ಬೆಳೆಸುವ ನರ್ಸರಿಗಳಲ್ಲಿ ವಿಚಾರಿಸೋಣ. ಬೀಜಗಳು ಒಣಗಿದ ಹೂವಿನ ತಲೆಯೊಳಗೇ ಉಳಿದಿರುತ್ತವೆ. ಎಲ್ಲವೂ ಮೊಳೆಯುವುದಿಲ್ಲ, ಆದ್ದರಿಂದ ಕೈಬಿಚ್ಚಿ ಬಿತ್ತಬೇಕು. ಕಾಲ ನವೆಂಬರ್, ನೆಲ ಮರಳು, ಇಡೀ ದಿನ ಬಿಸಿಲು. ಬೇರೂರುವ ತನಕ ಮಿತವಾಗಿ ನೀರು. ಬಾಲ್ಕನಿಯ ಮಲ್ಲಿಗೆಗೆ ಹೊಯ್ದಂತೆ ದಿನವೂ ಹೊಯ್ದರೆ ಬೇರು ಕೊಳೆತೀತು. ನಮ್ಮ ಅಮ್ಮಂದಿರಿಗೆ ಇದೇ ಕಷ್ಟದ ಪಾಠ!

ವರ್ಷದ ಬಹುಭಾಗ ಕಟ್ಟಿಗೆಯ ರಾಶಿಯಂತೆ ಕಾಣುವ ಗಿಡ ಶಾಲೆಗೆ ಶೋಭೆಯೇ ಎಂದು ಕೆಲವರು ಕೇಳಬಹುದು. ಅದು ಹೂ ಬಿಡುವುದು ಏಪ್ರಿಲ್–ಮೇ ಹೊತ್ತಿಗೆ, ಅಂದರೆ ನಮ್ಮ ಹೊಸ ಶೈಕ್ಷಣಿಕ ವರ್ಷ ಶುರುವಾಗುವಾಗ. ಆಡಳಿತ ಮಂಡಳಿಯವರು ಆಟದ ಮೈದಾನದ ಪಕ್ಕದ ಬರಡು ಮೂಲೆಯನ್ನು ಬರುವ ನವೆಂಬರಿಗೆ ಬಿಟ್ಟುಕೊಡಲಿ. ಆರನೆಯ ತರಗತಿಯವರು ಬಿತ್ತಲಿ. ಮೊದಲ ವರ್ಷವೇ ಹೂ ಬರದಿದ್ದರೂ ಅವರು ಹತ್ತು ಮುಗಿಸಲು ಇನ್ನೂ ಸಮಯವಿದೆ.